ಗಿಡ್ಡಯ್ಯನ ಮೂರನೇ ಉತ್ತರ

“ಏನಮ್ಮಾ ಇದು? ಪ್ರಬಂಧ ಬರ್ಕೊಂಡು ಬಾ ಅಂದ್ರೆ ಸಾವಿನ ಮನೆ ಗೋಳು ಹೊತ್ಕೊಂಡು ಬಂದಿದೀಯಲ್ಲ!”

ಪ್ರೊಫೆಸರ್ ಇಂದುಧರ ಅವರು ನಲವತ್ತಮೂರನೇ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದರು. ಅರಸೀಕೆರೆಯ ಹೊರಗೆ, ತೆಂಗಿನ ತೋಟಗಳ ನಡುವೆ ಇದ್ದ ಸ್ನಾತಕೋತ್ತರ ಕೇಂದ್ರದ ಸಮಾಜಶಾಸ್ತ್ರ ವಿಭಾಗ ಅದು. ಮಂಜುಳಾ ನಿಂತೇ ಇದ್ದಳು. ಎದುರಿಗೆ ಒಂದು ಕುರ್ಚಿಯೇನೋ ಇತ್ತು, ಆದರೆ ಅದರ ಮೇಲೆ ಮೇಷ್ಟ್ರ ಜೋಳಿಗೆ ಕೂತಿತ್ತು. ಜೋಳಿಗೆಯೊಳಗಿಂದ ಸಮಾನತೆಯ ಬಗ್ಗೆ ಅವರೇ ಬರೆದ ಪುಸ್ತಕ ಇಣುಕುತ್ತಿತ್ತು.

“ಸಾರ್, ಅದು ನಡೆದಿದ್ದು. ನಮ್ಮಪ್ಪನ ಹೆಣ...”

“ನಡೆದಿದ್ದೆಲ್ಲ ಸಂಶೋಧನೆ ಆಗಲ್ಲ. ಅದಕ್ಕೊಂದು ಚೌಕಟ್ಟು ಬೇಕು. ನಿಮ್ಮ ಜನಕ್ಕೆ ಅಳೋದು ಗೊತ್ತು, ಯೋಚನೆ ಮಾಡೋದು ಗೊತ್ತಿಲ್ಲ. ನಿಮ್ಮ ಪರವಾಗಿ ಯೋಚನೆ ಮಾಡಿ ಮಾಡಿ ನನ್ನ ತಲೆಕೂದಲೇ ಉದುರಿಹೋಯ್ತು.”

ಕೂದಲು ಉದುರಿದ್ದಂತೂ ನಿಜ, ಗಡ್ಡ ಮಾತ್ರ ದಟ್ಟವಾಗಿ ಉಳಿದಿತ್ತು.

“ಈ ಪುಟ ತೆಗೆದುಹಾಕಿ ಪ್ರಬಂಧ ತಗೊಂಡು ಬಾ, ಸಹಿ ಹಾಕ್ತೀನಿ. ಭಾನುವಾರ ನಿಮ್ಮೂರಿನ ಕ್ಷೇತ್ರಕಾರ್ಯ ಶಿಬಿರ ಮುಗಿಯೋದ್ರೊಳಗೆ ನನ್ನ ಕೈಗೆ ಬರಬೇಕು.”

ಸಹಿ ಇಲ್ಲದಿದ್ದರೆ ಪ್ರಬಂಧದ ನೂರು ಅಂಕ ಇಲ್ಲ. ಆ ನೂರು ಇಲ್ಲದಿದ್ದರೆ ಎಂ.ಎ. ಇಲ್ಲ. ಬಿಕ್ಕೋಡಿನ ಕಾಫಿ ತೋಟಕ್ಕೆ ಅಂಟಿಕೊಂಡ ಕಾಲೋನಿಯಿಂದ ಎಂ.ಎ.ವರೆಗೆ ಬಂದವಳು ಇವಳೊಬ್ಬಳೇ. ಅವ್ವ ಲಕ್ಕಮ್ಮ ಅದೇ ತೋಟದಲ್ಲಿ ಹಣ್ಣು ಕೊಯ್ದು ಇವಳನ್ನು ಇಲ್ಲಿಗೆ ಮುಟ್ಟಿಸಿದ್ದಳು.

ಆ ಪುಟದಲ್ಲಿ ಇದ್ದದ್ದು ಇಷ್ಟು. ಎರಡು ವರ್ಷದ ಹಿಂದೆ ಮಂಜುಳಾಳ ಅಪ್ಪ ಸ್ವಾಮಿ ತೀರಿಕೊಂಡಾಗ ಕಾಲೋನಿಯವರು ತಾತ ಮುತ್ತಾತರ ಕಾಲದ ದಾರಿಯಲ್ಲೇ ಹೆಣ ಹೊತ್ತು ಹೊರಟರು. ದಾರಿಗೆ ಗೇಟು ಬಿದ್ದಿತ್ತು. ತೋಟದ ಸಾಹುಕಾರರು ಅಲ್ಲೊಂದು ಹೋಂಸ್ಟೇ ಕಟ್ಟಿಸಿ, ಸ್ಮಶಾನದ ದಾರಿಯನ್ನು ಕಾರು ನಿಲ್ಲಿಸುವ ಅಂಗಳ ಮಾಡಿಕೊಂಡಿದ್ದರು. ಗೆಸ್ಟುಗಳು ತಿಂಡಿ ತಿನ್ನುವ ಹೊತ್ತಿಗೆ ಹೆಣ ಹೋದರೆ ಚೆನ್ನಾಗಿರಲ್ಲ ಎಂದರು. ಸುತ್ತು ಹಾಕಿ ಹಳ್ಳ ದಾಟುವಾಗ ಹೊತ್ತವರ ಕಾಲು ಜಾರಿ ಸ್ವಾಮಿಯ ಹೆಣ ನೀರಿಗೆ ಬಿತ್ತು. ತೇಲಿಹೋಗುತ್ತಿದ್ದ ಗಂಡನನ್ನು ಲಕ್ಕಮ್ಮನೇ ಸೊಂಟಮಟ್ಟ ನೀರಿಗಿಳಿದು ತಬ್ಬಿ ಎಳೆದುಕೊಂಡು ಬಂದಳು. ಮಂಜುಳಾ ಇದನ್ನು ಹನ್ನೆರಡು ಸಾಲಿನಲ್ಲಿ ಬರೆದಿದ್ದಳು. ಗೋಳು ಅನ್ನುವ ಪದವನ್ನು ಎಲ್ಲೂ ಬಳಸಿರಲಿಲ್ಲ.

ಪ್ರಬಂಧಕ್ಕೆ ಎರಡನೇ ಸಹಿ ಪ್ರೊಫೆಸರ್ ಶಶಿಧರ್ ಅವರದು. ಈ ವಿಭಾಗದಲ್ಲಿ ಇರುವ ಮೇಷ್ಟ್ರು ಇಬ್ಬರೇ, ಪಂಗಡವೂ ಎರಡೇ. ಇಂದುಧರ ಅವರದು ಹೋರಾಟದ ಪಂಗಡ, ಶಶಿಧರ್ ಅವರದು ಸಂಸ್ಕೃತಿಯ ಪಂಗಡ. ಇವರ ಧರಣಿಗೆ ಹೋದವರಿಗೆ ಆಂತರಿಕ ಅಂಕ ಇಪ್ಪತ್ತಕ್ಕೆ ಹದಿನೆಂಟು, ಅವರ ಉಪನ್ಯಾಸಮಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದವರಿಗೂ ಹದಿನೆಂಟು. ಎರಡೂ ಕಡೆ ಹೋಗದೆ ಲೈಬ್ರರಿಯಲ್ಲಿ ಕೂತವರಿಗೆ ಒಂಬತ್ತು. ಎರಡನೇ ಸೆಮಿಸ್ಟರ್ ಬರುವಷ್ಟರಲ್ಲಿ ಹುಡುಗರು ತಮ್ಮ ತಮ್ಮ ಮೇಷ್ಟ್ರ ಹಾಗೆಯೇ ಮಾತಾಡುವುದನ್ನು, ಅವರ ಹಾಗೆಯೇ ಕೆಮ್ಮುವುದನ್ನು ಕಲಿತುಬಿಡುತ್ತಿದ್ದರು.

ಹಣೆಗೆ ಅಗಲ ಬೊಟ್ಟಿಟ್ಟ ಶಶಿಧರ್ ಕುರ್ಚಿ ಕೊಟ್ಟರು. “ಕೂತ್ಕೊ ತಂಗಿ” ಎಂದರು. ಮಂಜುಳಾಗೆ ಒಂದು ಗಳಿಗೆ ಆಸೆ ಚಿಗುರಿತು. ಅವರು ಪುಟ ಓದಿ, ನಿಟ್ಟುಸಿರು ಬಿಟ್ಟು, ಕೆಂಪು ಗೆರೆಯ ಮೇಲೆ ಅಡ್ಡಕ್ಕೆ ಒಂದು ಹಸಿರು ಗೆರೆ ಎಳೆದರು.

“ಸಾವಿನಲ್ಲೂ ಮೇಲು ಕೀಳು ಹುಡುಕಬಾರದು ತಂಗಿ. ಸಮಾಜ ಒಡೆಯೋ ಮಾತು ಇದು. ನಿಮ್ಮೋರಲ್ಲಿ ಎಂಥ ಭಕ್ತಿ ಇದೆ, ಎಂಥ ಹಾಡು ಇದೆ, ಅದನ್ನು ಬರಿ. ಹೊಟ್ಟೆಕಿಚ್ಚು ಬರೀಬೇಡ.”

ಹಾವು ಮುಂಗುಸಿಯಂತೆ ಇದ್ದ ಇಬ್ಬರು ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದೇ ಪುಟದ ಮೇಲೆ ಒಂದಾಗಿದ್ದರು. ಆ ಪುಟ ಮಂಜುಳಾಳ ಅಪ್ಪನದಾಗಿತ್ತು.

“ಕಿತ್ತು ಬಿಸಾಕೇ ಮಾರಾಯ್ತಿ” ಎಂದಳು ಗೆಳತಿ ಸ್ವಾತಿ. ಅವಳು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮಗಳು. ಇಂದುಧರರ ಪರೀಕ್ಷೆಗೆ ಪುಟಕ್ಕೆ ಮೂರು ಸಲ ‘ಶೋಷಣೆ’, ಶಶಿಧರರ ಪರೀಕ್ಷೆಗೆ ಪುಟಕ್ಕೆ ಮೂರು ಸಲ ‘ಪರಂಪರೆ’ ಬರೆದು ಎರಡರಲ್ಲೂ ಫಸ್ಟ್ ಕ್ಲಾಸು ಹೊಡೆದಿದ್ದಳು. “ಮೊದ್ಲು ಸಹಿ ತಗೋ. ಆಮೇಲೆ ನಿಂಗೆ ಬೇಕಾದ್ದು ಬರ್ಕೋ.”

ಮಂಜುಳಾ ಊರಿನ ಬಸ್ಸು ಹತ್ತಿದಳು. ಮೇಷ್ಟ್ರುಗಳ ಪುಸ್ತಕಗಳನ್ನು ಉಲ್ಲೇಖಿಸದೆ ಪ್ರಬಂಧ ಪಾಸಾಗುವುದಿಲ್ಲವಾದ್ದರಿಂದ ಲೈಬ್ರರಿಯಿಂದ ಎರಡನ್ನೂ ತಂದಿದ್ದಳು. ಹಳೇಬೀಡು ದಾಟುವಾಗ ಇಂದುಧರರ ಪುಸ್ತಕದಲ್ಲಿ ‘ಬಿಕ್ಕೋಡಿನ ಮಾಹಿತಿದಾರ ಗಿ., ವಯಸ್ಸು ಎಪ್ಪತ್ತು, ಸಿಡಿಯಲು ಕಾದಿರುವ ಜ್ವಾಲಾಮುಖಿ’ ಎಂದು ಓದಿದಳು. ಬೇಲೂರಿನಲ್ಲಿ ಬಸ್ಸು ಬದಲಿಸಿ ಶಶಿಧರರ ಪುಸ್ತಕ ತೆಗೆದರೆ, ‘ಬಿಕ್ಕೋಡಿನ ಹಿರಿಯ ಗಿ., ಅವಿಚ್ಛಿನ್ನ ಭಕ್ತಿಯ ಜೀವಂತ ಕೊಂಡಿ’. ಎರಡರಲ್ಲೂ ಫೋಟೋ ಇತ್ತು. ಅದೇ ಹರಿದ ಬನಿಯನ್ನು, ಅದೇ ಮೂರು ಹಲ್ಲು. ಒಂದರಲ್ಲಿ ಮುಷ್ಟಿ ಎತ್ತಿದ್ದ, ಇನ್ನೊಂದರಲ್ಲಿ ಕೈ ಮುಗಿದಿದ್ದ.

ಇಬ್ಬರು ‘ಗಿ.’ಗಳೂ ಅವಳ ತಾತ ಗಿಡ್ಡಯ್ಯನೇ. ಲಕ್ಕಮ್ಮನ ಅಪ್ಪ.

“ಹೂಂ ಕಣವ್ವ, ನಾನೇಯ” ಎಂದ ಗಿಡ್ಡಯ್ಯ, ಜಗಲಿಯ ಮೇಲೆ ಬೀಡಿ ಹಚ್ಚುತ್ತಾ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. “ವರ್ಸ ವರ್ಸ ಬತ್ತರಲ್ಲ ನಿಮ್ಮ ಕಾಲೇಜು ಹೈಕ್ಳು, ಪ್ರಶ್ನೆ ಪಾರಮ್ ಇಡ್ಕಂಡು. ಯಾವ್ ಮೇಷ್ಟ್ರು ಕಳ್ಸವ್ರೆ ಅಂತ ಮೊದ್ಲೇ ಕೇಳ್ಕತೀನಿ. ಗಡ್ಡದ ಮೇಷ್ಟ್ರು ಅಂದ್ರೆ ಹಲ್ಲು ಕಡ್ದು ಬೈತೀನಿ. ಬೊಟ್ಟಿನ ಮೇಷ್ಟ್ರು ಅಂದ್ರೆ ಎಲ್ಡು ದೇವ್ರ ಪದ ಹೇಳ್ತೀನಿ. ಒಂದ್ ಪಾಕೀಟು ಬಿಸ್ಕತ್ತು, ಒಂದ್ ಕಟ್ಟು ಬೀಡಿ ಕೊಟ್ಟೋಯ್ತರೆ.”

“ಮುಷ್ಟಿ ಎತ್ತಿದೀಯಲ್ಲ ತಾತ?”

“ಹಂದಿ ಓಡ್ಸಕ್ಕೆ ಹೆಂಗ್ ದೊಣ್ಣೆ ಎತ್ತಿದ್ದೆ ಅಂತ ತೋರುಸ್ತಿದ್ದೆ ಕಣೆ.”

ಮಂಜುಳಾಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ನಿಜ ಒಂದ್ ದಿನಾನೂ ಹೇಳ್ಲಿಲ್ವಾ ಹಂಗಾದ್ರೆ? ಅವರು ಅದನ್ನೇ ನಮಗೆ ಪಾಠ ಮಾಡ್ತಾರೆ. ನಾವು ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೀತೀವಿ!”

ಗಿಡ್ಡಯ್ಯ ಬೀಡಿ ಕೆಳಗಿಳಿಸಿದ. “ಹೇಳ್ದೆ. ನಿಮ್ಮಪ್ಪ ಹಳ್ಳಕ್ ಬಿದ್ನಲ್ಲ, ಅದ್ನ ಮೇಷ್ಟ್ರುಗಳೇ ಬಂದಾಗ ಇಬ್ರಿಗೂ ಹೇಳ್ದೆ. ಇಬ್ರೂ ಪೆನ್ನು ಮುಚ್ಚಿ ಜೇಬಿಗೆ ಮಡಿಕ್ಕಂಡ್ರು. ರಾತ್ರಿ ಅವ್ರು ಉಣ್ಣದು, ಮಲಗದು ಸಾವ್ಕಾರನ ಓಂಸ್ಟೇಲೇ ಅಲ್ವಾ? ಉಂಡ ಮನೆ ಗಳ ಎಣಸಕಾಯ್ತದಾ?”

ಒಲೆ ಮುಂದೆ ಕೂತಿದ್ದ ಲಕ್ಕಮ್ಮ ಪ್ರಬಂಧವನ್ನು ಈಸಿಕೊಂಡಳು. ಅವಳಿಗೆ ಓದು ಬರದು. ಆದರೆ ಯಾವ ಪುಟದ ಮೇಲೆ ಗೆರೆ ಬಿದ್ದಿದೆ ಎಂದು ಹೇಳಲು ಓದೇನೂ ಬೇಕಿರಲಿಲ್ಲ.

“ಇದಾ ನಿಮ್ಮಪ್ಪ?”

“ಹೂಂ ಅವ್ವ. ಅದನ್ನ ತೆಗೀಬೇಕಂತೆ.”

ಲಕ್ಕಮ್ಮ ಗೆರೆಗಳ ಮೇಲೆ ಬೆರಳಾಡಿಸಿದಳು. “ಒಂದ್ ಸಲ ಹಳ್ಳಕ್ ಬಿದ್ದ. ನಾನು ಎತ್ಕಂಡ್ ಬಂದೆ. ಈಗ ಕಸದ ಬುಟ್ಟಿಗ್ ಹಾಕು ಅಂತರಾ ಬೋಳಿಮಕ್ಳು? ಹಾಕೀಯಾ, ಕಾಲು ಮುರ್ದಾಕ್ತೀನಿ.”

“ಅಂಕ ಕೊಡಲ್ಲ ಕಣವ್ವ. ಎರಡು ವರ್ಷ ಓದಿದ್ದು ದಂಡ ಆಗ್ತದೆ.”

ಲಕ್ಕಮ್ಮ ಒಲೆಗೆ ಸೌದೆ ನೂಕಿದಳು. ಮಗಳ ಓದು ಅವಳಿಗೂ ಉಸಿರೇ ಆಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದು ಹೊಗೆಗಲ್ಲ ಎಂದು ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಆಗ ಗಿಡ್ಡಯ್ಯ ಕ್ಯಾಕರಿಸಿ ಉಗಿದ. “ಲೇ ಮಂಜಿ, ಬೇಲೂರು ಬಸ್ಟ್ಯಾಂಡಲ್ಲಿ ನಿಮ್ಮ ಕಾಲೇಜು ಹೈಕ್ಳು ಹುಲ್ಲಿನ ಹೆಣ ಮಾಡ್ಕಂಡು, ಬಾಯ್ ಬಡ್ಕಂಡು ಹೋಯ್ತಿದ್ರಲ್ಲ, ಏನಂತರೆ ಅದ್ಕೆ?”

“ಅಣಕು ಶವಯಾತ್ರೆ.”

“ಅದೇಯ. ಹುಲ್ಲು ಯಾಕೆ ದಂಡ? ನಾನಿಲ್ವಾ?”

ಭಾನುವಾರ ಬೆಳಿಗ್ಗೆ ಹೋಂಸ್ಟೇ ಅಂಗಳದಲ್ಲಿ ವಿಭಾಗದ ಕ್ಷೇತ್ರಕಾರ್ಯ ಶಿಬಿರದ ಕೊನೆಯ ತಿಂಡಿ ನಡೆದಿತ್ತು. ನಲವತ್ತು ವಿದ್ಯಾರ್ಥಿಗಳು, ಈ ಮರದ ಕೆಳಗೆ ಹೋರಾಟದವರು, ಆ ಮರದ ಕೆಳಗೆ ಸಂಸ್ಕೃತಿಯವರು. ಇಡ್ಲಿ ಮಾತ್ರ ಒಂದೇ ಪಾತ್ರೆಯದು. ಇಬ್ಬರು ಮೇಷ್ಟ್ರುಗಳು ವರಾಂಡದಲ್ಲಿ ಸಾಹುಕಾರರ ಎಡಬಲಕ್ಕೆ ಕೂತು ಕಾಫಿ ಹೀರುತ್ತಿದ್ದರು.

ತಮಟೆ ಸದ್ದು ಕೇಳಿತು. ಕಾಲೋನಿಯ ಅರವತ್ತು ಜನ ಗೇಟಿನ ಹತ್ತಿರ ಬಂದರು. ಬೊಂಬಿನ ಚಟ್ಟದ ಮೇಲೆ ಗಿಡ್ಡಯ್ಯನನ್ನು ಕೂರಿಸಿ ಕಟ್ಟಿದ್ದರು. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೊಂದು ಕಾಸು, ಬಾಯಲ್ಲಿ ಬೀಡಿ. ಮುಂದೆ ಲಕ್ಕಮ್ಮ ಪುರಿ ಎರಚುತ್ತಾ ಬರುತ್ತಿದ್ದಳು. ಮಂಜುಳಾ ಅವಳ ಪಕ್ಕದಲ್ಲಿ ಪ್ರಬಂಧ ಎದೆಗವುಚಿಕೊಂಡು ನಡೆಯುತ್ತಿದ್ದಳು. 

ಗೇಟು ಕಾಯುವ ಮರಿಯಣ್ಣನೂ ಅದೇ ಕಾಲೋನಿಯವನು. ಅವನಿಗೆ ಬೆವರು ಕಿತ್ತುಕೊಂಡಿತು. “ಗಿಡ್ಡಮಾವ, ಹೆಣ ಬಿಡಬಾರ್ದು ಅಂತ ಆರ್ಡರ್ ಐತೆ.”

“ನಾನು ಹೆಣನೇನ್ಲಾ? ಬೀಡಿ ಸೇದೋದು ಕಾಣಾಕಿಲ್ವಾ?”

“ಬದ್ಕಿರೋರ್ನೂ ಬಿಡಬಾರ್ದು. ಗೆಸ್ಟ್ ಅವ್ರೆ.”

“ಹಂಗಾದ್ರೆ ಸತ್ರೂ ಇಲ್ಲ, ಬದ್ಕುದ್ರೂ ಇಲ್ಲ. ಇನ್ನೆಂಗ್ಲಾ ಬರದು ಮುಂಡೇದೆ?”

ಒಳಗೆ ನಲವತ್ತು ವಿದ್ಯಾರ್ಥಿಗಳು ತಟ್ಟೆ ಹಿಡಿದು ಎದ್ದು ನಿಂತರು. ಇದಕ್ಕೆ ಚಪ್ಪಾಳೆ ಹೊಡೆಯಬೇಕೋ, ಧಿಕ್ಕಾರ ಕೂಗಬೇಕೋ ಯಾರಿಗೂ ತಿಳಿಯಲಿಲ್ಲ. ಇಪ್ಪತ್ತು ಜನ ಇಂದುಧರರ ಮುಖ ನೋಡಿದರು, ಇಪ್ಪತ್ತು ಜನ ಶಶಿಧರರ ಮುಖ ನೋಡಿದರು. ಮೇಷ್ಟ್ರುಗಳು ಸಾಹುಕಾರರ ಮುಖ ನೋಡಿದರು.

ಸ್ವಾತಿ ತಟ್ಟೆ ಕೆಳಗಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋಗಿ ಗೇಟಿನ ಚಿಲಕ ಎಳೆದಳು. ಕಾಲೇಜಿಗೆ ಸೇರಿದ ಮೇಲೆ ಯಾರ ಮುಖವನ್ನೂ ನೋಡದೆ ಅವಳು ಮಾಡಿದ ಮೊದಲ ಕೆಲಸ ಅದು.

ಚಟ್ಟ ಒಳಗೆ ಬಂತು. ಲಕ್ಕಮ್ಮ ಎರಚಿದ ಪುರಿ ಕಾರುಗಳ ಮೇಲೆ ಬಿತ್ತು.

ಇಂದುಧರ ಎದ್ದು ಬಂದು ನಗು ತಂದುಕೊಂಡರು. “ಒಳ್ಳೇ ಪ್ರತಿರೋಧ. ಯಾವ ಸರ್ಕಾರದ ವಿರುದ್ಧ ಇದು?”

ಶಶಿಧರ್ ಕೇಳಿದರು, “ಯಾರು ಕಳಿಸಿದ್ದು ನಿಮ್ಮನ್ನ?”

“ಇಬ್ರೂ ಇದ್ದೀರಾ ಬುದ್ಧಿ? ಒಳ್ಳೇದಾಯ್ತು” ಎಂದ ಗಿಡ್ಡಯ್ಯ ಮೇಲಿನಿಂದ. “ಗಡ್ಡದೋರ್ಗೊಂದು, ಬೊಟ್ಟಿನೋರ್ಗೊಂದು ಹೇಳ್ಕಂಡ್ ಬಂದೆ. ನಿಮ್ಮ ಬಿಸ್ಕತ್ತಿನ ಋಣ ತೀರ್ತು. ಇವತ್ತು ನಂದು ಹೇಳ್ತೀನಿ, ಪೆನ್ನು ತೆಗೀರಿ. ನೀವು ಕಾಪಿ ಕುಡ್ದು ನಿಂತಿರೋದು ನನ್ನ ಮಸಾಣದ ದಾರಿ. ಬರ್ಕಳಿ.”

ಇಬ್ಬರ ಜೇಬಿನಲ್ಲೂ ಪೆನ್ನಿತ್ತು. ಇಬ್ಬರ ಕೈಯೂ ಜೇಬಿಗೆ ಹೋಗಲಿಲ್ಲ. ಹೋರಾಟದ ಮರದ ಕೆಳಗಿದ್ದ ಹುಡುಗನೊಬ್ಬ ಒಂದು ಘೋಷಣೆ ಶುರುಮಾಡಿ, ಇಂದುಧರ ತಿರುಗಿ ನೋಡಿದ ಕೂಡಲೇ ಅರ್ಧಕ್ಕೇ ನುಂಗಿಕೊಂಡ.

ಮಂಜುಳಾ ವಿಭಾಗದ ಸಮೀಕ್ಷೆಯ ಖಾಲಿ ಫಾರಂ ಎರಡು ತೆಗೆದಳು. 

“ಮಾಹಿತಿದಾರರ ಹೆಸರು ಪ್ರೊಫೆಸರ್ ಇಂದುಧರ” ಎಂದು ಗಟ್ಟಿಯಾಗಿ ಹೇಳುತ್ತಾ ಬರೆದಳು. “ಸಾರ್, ಸ್ಮಶಾನದ ದಾರಿ ಮುಚ್ಚಿದ್ದು ಯಾರು?”

ಸಾಹುಕಾರರು ಅವರ ಬೆನ್ನ ಹಿಂದೆಯೇ ನಿಂತಿದ್ದರು. ಇಂದುಧರ “ನೋಡು ಮಂಜುಳಾ, ಇದು ಸಂಕೀರ್ಣವಾದ...” ಎಂದು ನಿಲ್ಲಿಸಿದರು. ಅವಳು ಕಾದಳು. 

“ಶಶಿಧರ್ ಸಾರ್, ನೀವು?”

ಶಶಿಧರ್ ಕೈಗಡಿಯಾರ ನೋಡಿಕೊಂಡರು.

ಪ್ರತಿ ಪ್ರಶ್ನೆಯ ಕೆಳಗೆ ಕೊನೆಯಲ್ಲೊಂದು ಖಾನೆ ಇರುತ್ತದೆ. ಎರಡೂ ಫಾರಮಿನಲ್ಲಿ ಮಂಜುಳಾ ಅದಕ್ಕೆ ಗುರುತು ಹಾಕಿದಳು: ಉತ್ತರಿಸಲಿಲ್ಲ. ಫಾರಂಗಳನ್ನು ನಲವತ್ತಮೂರನೇ ಪುಟಕ್ಕೆ ಪಿನ್ನು ಮಾಡಿ, ಪ್ರಬಂಧವನ್ನು ಇಂದುಧರರ ಕಾಫಿ ಲೋಟದ ಪಕ್ಕ ಇಟ್ಟಳು.

“ಭಾನುವಾರದೊಳಗೆ ಅಂದಿದ್ರಿ. ತಂದಿದೀನಿ.”

“ನಿನ್ನ ಭವಿಷ್ಯ ನೀನೇ ಹಾಳು ಮಾಡ್ಕೋತಿದೀಯ” ಎಂದರು ಇಂದುಧರ. ಶಶಿಧರ್ ತಲೆಯಾಡಿಸಿ ಒಪ್ಪಿದರು.

“ಇರಬಹುದು ಸಾರ್” ಎಂದಳು ಮಂಜುಳಾ.

ಚಟ್ಟ ವರಾಂಡ ದಾಟಿ, ಹಿಂದಿನ ಬೇಲಿ ದಾಟಿ, ಸ್ಮಶಾನ ಮುಟ್ಟಿತು. ಸ್ವಾಮಿಯ ಗುಂಡಿಯ ಮೇಲೆ ಕಳೆ ಬೆಳೆದಿತ್ತು. ಲಕ್ಕಮ್ಮ ಕೂತು ಅದನ್ನು ಕಿತ್ತಳು, ಉಳಿದ ಪುರಿಯನ್ನು ಅಲ್ಲಿ ಸುರಿದಳು, “ಬಂದೆ ಕಣೋ, ನೆಟ್ಟಗಿರೋ ದಾರೀಲೇ ಬಂದೆ” ಎಂದು ಜೋರಾಗಿ ಅತ್ತಳು.

“ಇಳೀತೀಯಾ ತಾತ?” ಎಂದು ಕೇಳಿದಳು ಮಂಜುಳಾ.

“ಇಳ್ಯಾಕಿಲ್ಲ. ಹೆಂಗ್ ಬಂದ್ನೋ ಹಂಗೇ ಹೊತ್ಕಂಡೋಗ್ರಿ.”

ವಾಪಸ್ಸು ಬರುವ ಹೊತ್ತಿಗೆ ಬೇಲಿಯ ಬಾಯಿಗೆ ಸಾಹುಕಾರರ ಜೀಪು ಅಡ್ಡ ನಿಂತಿತ್ತು. ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಅಂಗಳದಾಚೆ ಕಾಲೇಜಿನ ಬಸ್ಸು ಹೊರಟಿತ್ತು, ಹುಡುಗರು ಕಿಟಕಿಗೆ ಮುಖವಿಟ್ಟು ಈ ಕಡೆ ನೋಡುತ್ತಿದ್ದರು. ಸ್ವಾತಿ ಬಸ್ಸು ಹತ್ತದೆ ಗೇಟಿನ ಹತ್ತಿರವೇ ನಿಂತಿದ್ದಳು.

ಹೊತ್ತವರ ಹೆಗಲು ನೋಯುತ್ತಿತ್ತು. ಚಟ್ಟ ಇಳಿಸಲು ಯಾರೂ ಒಪ್ಪಲಿಲ್ಲ.

ಗಿಡ್ಡಯ್ಯ ಹೊಸ ಬೀಡಿ ಹಚ್ಚಿ, ಹೊಗೆಯನ್ನು ಜೀಪಿನ ಗಾಜಿಗೆ ಊದಿದ. “ತೆಗೀರ್ಲಾ ಜೀಪು. ಹೆಣ ಮನೆಗೋಗ್ಬೇಕು.”

ತಮಟೆಯವನು ತಮಟೆ ಕಾಯಿಸಿಕೊಂಡು ಮತ್ತೆ ಬಾರಿಸತೊಡಗಿದ.