ಮೂಗು, ಕಿವಿ, ಕೆನ್ನೆ

ತೊಟ್ಟಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ, ಅಗೋ, ಬೆಲ್ಟಿನ ಆ ತುದಿಯಲ್ಲಿ, ಬೇನಿಶಾ ಮಾವಿನ ಹಣ್ಣುಗಳ ಗುಂಪಿನಲ್ಲಿ ಏನೂ ಅರಿಯದ ಸಾಧುವಿನ ಹಾಗೆ ಉರುಳಿಕೊಂಡು ಬರುತ್ತಿದೆ, ಮೇಲೆ ಚಿನ್ನದ ಬಣ್ಣ, ಒಳಗೆ ಕೊಳೆತ — ಮುನಿಲಕ್ಷ್ಮಿಯ ಬಲಗೈ ತಾನಾಗಿಯೇ ಮುಂದೆ ಹೊರಟಿತು, ಎಡಗೈ ಅದನ್ನು ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡಿತು, ಥೂ, ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. ಮುಟ್ಟಬಾರದು. ಮಾತು ಎಷ್ಟು ಬೇಕಾದ್ರೂ ಆಡು ಲಕ್ಷ್ಮಮ್ಮ, ಕೈ ಮಾತ್ರ ಹಿಂದೆ ಇರ್ಲಿ, ಎಂದಿದ್ದರು ಮಂಡಿಯ ಮಾಲೀಕರು ಅಮರನಾಥ್, ನಾಲ್ಕು ಗಂಟೆಗೆ ಲಾರಿ ಹೊರಡ್ಬೇಕು, ಹೊರಡೋ ಮುಂಚೆ ಹತ್ತು ಬಾಕ್ಸ್ ನಾನೇ ಬಿಚ್ಚಿ ನೋಡ್ತೀನಿ, ಒಂದೇ ಒಂದು ಮೆತ್ತಗಿನ ಹಣ್ಣು ಸಿಕ್ರೂ ನಾಳೆಯಿಂದ ಮುರಳಿಮೋಹನ್ ಮ್ಯಾನೇಜರು, ಸಿಗ್ಲಿಲ್ಲ ಅಂದ್ರೆ ನೀನು. ಒಂಬತ್ತು ಬಾಕ್ಸ್ ಬಿಚ್ಚಿ ಆಯಿತು, ಒಂಬತ್ತೂ ಪಾಸು, ಹತ್ತನೆಯದು ಕೊನೆಗೆ ತುಂಬುವ ಬಾಕ್ಸಂತೆ, ಅದು ತುಂಬಲು ಇನ್ನು ಈ ಬೆಲ್ಟಿನ ಮೇಲಿರುವುದಷ್ಟೇ ಬಾಕಿ, ಅದರೊಳಗೆ ಈ ಚುಕ್ಕೆ. ಮುರಳಿಮೋಹನ್ ಗೇಟಿನ ಹತ್ತಿರ ಕಾದು ನಿಂತಿದ್ದಾನೆ, ಕೋಲಾರದಲ್ಲಿ ಎಂಬಿಎ ಓದಿದವನು, ಇಸ್ತ್ರಿ ಮುರಿಯದ ಅಂಗಿ, ನೀಲಂ ಯಾವುದು ತೋತಾಪುರಿ ಯಾವುದು ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಅವನ ಕೈ ಜೇಬಿನಲ್ಲಿ ಹಾಯಾಗಿ ಮಲಗಿದೆ, ಪುಣ್ಯವಂತ. ಹದಿನಾಲ್ಕು ವರ್ಷ ಇದೇ ಗೌನಿಪಲ್ಲಿ ರಸ್ತೆಯ ಮಂಡಿಯಲ್ಲಿ ಹಣ್ಣು ಆರಿಸಿದ ಈ ಹೆಬ್ಬೆರಳಿಗೆ ಜೇಬೆಲ್ಲಿಂದ ಬರಬೇಕು, ಸೆರಗಿದೆ, ಅದನ್ನೇ ಸುತ್ತಿಕೊಂಡಳು.

ಚುಕ್ಕೆ ಶಾಮಲಮ್ಮನನ್ನು ದಾಟಿತು, ಅವಳು ನೋಡಲೇ ಇಲ್ಲ, ಅವಳ ಕಣ್ಣೆಲ್ಲ ಲಕ್ಷ್ಮಿಯ ಮೇಲೆ, ಏಮಿ ಲಕ್ಷ್ಮೀ, ಚೇತುಲು ಕಟ್ಟೇಸಿನಾರಾ, ಕೈ ಹಿಂದೆ ಕಟ್ಕೊಂಡು ಸ್ಕೂಲ್ ಮೇಷ್ಟ್ರ ಥರ ನಿಂತಿದೀಯಲ್ಲೇ, ಬೆಲ್ಟಿನ ಎರಡೂ ಕಡೆಯಿಂದ ಹದಿನೈದು ಹೆಂಗಸರ ನಗು, ಲಕ್ಷ್ಮಿಗೂ ನಗು ಬಂತು, ನಗುತ್ತಲೇ ಚುಕ್ಕೆಯ ಹಿಂದೆ ಒಂದು ಹೆಜ್ಜೆ ಇಟ್ಟಳು. ಕೂಗಿಬಿಡಲೇ, ಆ ಹಣ್ಣು ತೆಗೀರೇ ಎಂದು, ಬಾಯಿಗೆ ತಡೆಯಿಲ್ಲವಲ್ಲ — ಕೂಗಿದರೆ ಮುಗಿಯಿತು, ನಾಳೆ ಒಂದೊಂದು ಹಣ್ಣಿಗೂ ಇವರೆಲ್ಲ ನನ್ನ ಮುಖ ನೋಡುತ್ತಾರೆ, ಹೋದ ತಿಂಗಳ ಹಾಗೆ. ಅಯ್ಯೋ ಹೋದ ತಿಂಗಳು! ಹಳೇ ಮ್ಯಾನೇಜರು ಬಿಟ್ಟು ಹೋದಾಗ ಒಂದು ದಿನ ನೀನೇ ನೋಡ್ಕೊಳ್ಳಮ್ಮ ಎಂದರೆ, ಅವಳು ಪ್ರತಿಯೊಂದು ಹಣ್ಣನ್ನೂ ತನ್ನ ಹೆಬ್ಬೆರಳಿಗೇ ತೋರಿಸಬೇಕು ಎಂದುಬಿಟ್ಟಳು, ಹದಿನೈದು ಜನ ಆರಾಮಾಗಿ ಎಲೆ ಅಡಿಕೆ ಹಾಕಿಕೊಂಡು ಕೂತರು, ಇವಳೊಬ್ಬಳೇ ಬೆವರು ಸುರಿಸಿ ಒತ್ತಿದ್ದೇ ಒತ್ತಿದ್ದು, ಲಾರಿ ಅರ್ಧ ಖಾಲಿಯಾಗಿ ಹೊರಟಿತು, ಅದರ ಮೇಲೆ ಹೆಮ್ಮೆ ಬೇರೆ, ಒಂದೂ ಕೆಟ್ಟ ಹಣ್ಣು ಹೋಗ್ಲಿಲ್ಲ ಸಾರ್. ಹಣ್ಣೇ ಹೋಗ್ಲಿಲ್ವಲ್ಲಮ್ಮಾ. ಆ ಸಂಜೆ ಮಗಳು ಚಂದನ, ಮುಳಬಾಗಿಲಿನಲ್ಲಿ ಬಿಕಾಂ ಓದುವವಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಮ್ಮಾ, ಮ್ಯಾನೇಜರ್ ಅಂದ್ರೆ ಮಾಡೋಳಲ್ಲ ಕಣೇ, ಮಾಡ್ಸೋಳು, ಕೈ ಕೊಡಿಲ್ಲಿ, ಎಂದು ಬೆರಳು ಮಡಿಸಿ ಮಡಿಸಿ ಪಾಠ ಮಾಡಿದಳು. ಕಿರುಬೆರಳು ಯೋಜನೆ — ಇವತ್ತು ಬೆಳಿಗ್ಗೆಯೇ ಬೇನಿಶಾ, ಮಧ್ಯಾಹ್ನ ನೀಲಂ ಎಂದಿದ್ದಳು ಲಕ್ಷ್ಮಿ, ಬೇನಿಶಾ ತೋಟದ ಟ್ರ್ಯಾಕ್ಟರ್ ಕೆಟ್ಟು ನೀಲಂ ಮೊದಲು ಬಂತು, ಆಗಲಿ ಎಂದು ತಿರುಗಿಸಿಕೊಂಡಳು. ಉಂಗುರದ ಬೆರಳು ಸಂಘಟನೆ, ನಡುಬೆರಳು ಸಿಬ್ಬಂದಿ, ಯಾರನ್ನು ಎಲ್ಲಿ ಕೂರಿಸುವುದು, ಅದಕ್ಕೇ ಬೆಲ್ಟಿನ ಕೊನೆಗೆ ಬೈರಕೂರಿನ ಆದಿಲಕ್ಷ್ಮಮ್ಮ. ಅವಳಿಗೆ ಬಸ್ಸಿನ ಬೋರ್ಡೇ ಕಾಣಲ್ಲ, ಕೊನೇಲಿ ಕೂರಿಸ್ತೀಯಾ, ನಿನ್ ಬುದ್ಧಿಗಿಷ್ಟು, ಎಂದು ಶಾಮಲಮ್ಮ ಜಗಳಕ್ಕೇ ಬಂದಳು, ಆದರೆ ಕಣ್ಣು ನಂಬದವಳು ತಿಂಡಿ ಡಬ್ಬಿಯ ಮುಚ್ಚಳವನ್ನೂ ಎರಡು ಸಲ ಒತ್ತಿ ನೋಡುತ್ತಾಳೆ, ಅದನ್ನು ಯಾರು ಗಮನಿಸಿದ್ದಾರೆ, ಲಕ್ಷ್ಮಿ ಗಮನಿಸಿದ್ದಾಳೆ.

ತೋರುಬೆರಳು ನಿರ್ದೇಶನ, ಅಂದರೆ ಹೇಳಿಕೊಡುವುದು, ಅಲ್ಲೇ ಪೇಚಾಟ, ಹಣ್ಣು ಮುಟ್ಟದೆ ಹದ ಹೇಗೆ ಹೇಳಿಕೊಡುವುದು, ಆಗ ಏನೋ ಹೊಳೆದು ತನ್ನ ಮೂಗೇ ಒತ್ತಿಕೊಂಡಳು, ನೋಡ್ರೇ, ಮೂಗಿನ ತುದಿ ಥರ ಗಟ್ಟಿ ಇದ್ರೆ ಲಾರಿಗೆ, ಕಿವಿ ಹಾಲೆ ಥರ ಇದ್ರೆ ಇಲ್ಲೇ ಶ್ರೀನಿವಾಸಪುರದ ಅಂಗಡಿಗೆ, ಕೆನ್ನೆ ಥರ ಆಗಿದ್ರೆ ತೆಗ್ದು ಬುಟ್ಟಿಗೆ ಹಾಕಿ. ಅಮರನಾಥ್ ಒಳಗೆ ಬಂದಾಗ ಹದಿನೈದು ಹೆಂಗಸರೂ ಒಂದು ಕೈಯಲ್ಲಿ ಹಣ್ಣು ಒಂದು ಕೈಯಲ್ಲಿ ಕಿವಿ ಹಿಡಿದು ನಿಂತಿದ್ದರು, ಯಾಕಮ್ಮಾ, ಎಲ್ಲರ್ಗೂ ಬಸ್ಕಿ ಶಿಕ್ಷೆ ಕೊಟ್ಟಿದೀಯಾ, ಎಂದು ಅವರು ನಕ್ಕ ನಗುವಿಗೆ ಲಾರಿಯ ಡ್ರೈವರೂ ಇಣುಕಿ ನೋಡಿದ. ಇನ್ನು ಹೆಬ್ಬೆರಳು, ನಿಯಂತ್ರಣವಂತೆ, ಸೆರಗಿನೊಳಗೆ ಜೋಪಾನವಾಗಿ ಕಟ್ಟಿಟ್ಟಿದ್ದಾಳಲ್ಲ — ಎಲ್ಲಿ, ಚುಕ್ಕೆ ಎಲ್ಲಿ, ಅಗೋ, ಹನ್ನೆರಡು ಜೊತೆ ಕಣ್ಣು ದಾಟಿತು, ಪಕ್ಕದ ಹಣ್ಣು ತೆಗೆದರು ಇದನ್ನು ಬಿಟ್ಟರು, ತಪ್ಪು ಅವರದಲ್ಲ, ಹೊರಳಿ ತೊಟ್ಟು ಕೆಳಗಾಗಿದೆ, ಈಗ ಯಾವ ಕಣ್ಣಿಗೂ ಕಾಣುವುದಿಲ್ಲ, ತನ್ನ ಕಣ್ಣಿಗೂ. ಆಸೆ ಎಷ್ಟಿದೆ ಎಂದು ಈಗ ಗೊತ್ತಾಗುತ್ತಿದೆ, ಬೇಕು, ಈ ಕೆಲಸ ನನಗೆ ಬೇಕೇ ಬೇಕು, ಕುರ್ಚಿಗಲ್ಲ, ಇವರನ್ನೆಲ್ಲ ಹೀಗೆ ನಗಿಸಿಕೊಂಡು ಲಾರಿ ತುಂಬಿಸುವುದಕ್ಕೆ. ಆದಿಲಕ್ಷ್ಮಮ್ಮ ಹಣ್ಣನ್ನು ಎತ್ತಿಕೊಂಡಳು, ಮುಖ ಪಕ್ಕದವಳ ಕಡೆಗೆ, ನಮ್ ಸೊಸೆ ಸಾರಿಗೆ ಉಪ್ಪೇ ಹಾಕಲ್ಲ ಕಣೇ, ಡಾಕ್ಟ್ರು ಹೇಳಿದ್ದು ನಂಗೆ, ಶಿಕ್ಷೆ ಮನೆಮಂದಿಗೆಲ್ಲ, ಕೈ ಬಾಕ್ಸಿನ ಕಡೆ ಹೊರಟಿದೆ, ಹೋಯಿತು, ಬಾಕ್ಸಿನ ಅಂಚು, ಲಕ್ಷ್ಮಿಯ ಎಡಗೈ ಬೆನ್ನ ಹಿಂದೆ ಬಲಗೈಯನ್ನು ಹಿಸುಕುತ್ತಿದೆ — ಮಾತು ನಿಂತಿತು. ಉಪ್ಪಿನ ಮಾತು ಅರ್ಧಕ್ಕೇ ನಿಂತಿತು, ಹೆಬ್ಬೆರಳು ತೊಟ್ಟಿನ ಪಕ್ಕ ಇನ್ನೊಮ್ಮೆ ಒತ್ತಿತು, ಇನ್ನೊಂದು ಕೈ ಮೇಲೆದ್ದಿತು, ಮೂಗು, ಅಲ್ಲ, ಕಿವಿ, ಅಲ್ಲ, ಕೆನ್ನೆ, ಕೆನ್ನೆ — ಹಣ್ಣು ಬುಟ್ಟಿಗೆ ಬಿತ್ತು, ಹೊರಳಿತು, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಮೇಲಾಗಿ ನಿಂತಿತು, ಆದಿಲಕ್ಷ್ಮಮ್ಮ ಅದನ್ನು ನೋಡಲೂ ಇಲ್ಲ, ಅವಳ ಬೆರಳು ಇನ್ನೂ ಕೆನ್ನೆಯ ಮೇಲೆಯೇ ಇತ್ತು.