ಆರ್ವಿಡ್‌ನ ರಿವಾಲ್ವರಿನ ಒಳಗಿನ ಮಸಿ

ಊರಿಗೆ ಊರೇ ಪಂಡಿತರಾಗಿಬಿಡುವ ವಿಷಯಗಳು ನಮ್ಮಲ್ಲಿ ಎರಡು. ಒಂದು ನಾಳೆಯ ಹವಾಮಾನ, ಇನ್ನೊಂದು ಕರಡಿಗೆ ಯಾವ ಗನ್ನು ಬೇಕು ಅನ್ನೋದು. ಹವಾಮಾನದ ವಿಷಯದಲ್ಲಾದರೂ ಯಾರಾದರೊಬ್ಬರು ನನಗೆ ಗೊತ್ತಿಲ್ಲಪ್ಪ ಅಂದಾರು. ಕರಡಿ ಗನ್ನಿನ ವಿಷಯದಲ್ಲಿ ಹಾಗೆ ಅನ್ನುವವರು ಅಲಾಸ್ಕದ ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಹಾಗಾಗಿ ಸೋಮವಾರ ಗುಂಡು ಹೊಡೆಯುವ ಪರೀಕ್ಷೆಯಲ್ಲಿ ವರ್ನಾ ಟಾಲೆಫ್ಸನ್ ಫೇಲಾದ ಸುದ್ದಿ, ಅವಳು ಬಂದರಿನ ಅಂಗಡಿ ತಲುಪೋ ಮೊದಲೇ ಅಲ್ಲಿ ಬಂದು ಕೂತಿತ್ತು. ಆರು ಗುಂಡಿನಲ್ಲಿ ಹಲಗೆಗೆ ತಗುಲಿದ್ದು ಒಂದು. ಬೇಕಿದ್ದದ್ದು ನಾಲ್ಕು. ಪರೀಕ್ಷೆ ನಡೆಸಿದ ಮೀನುಗಾರಿಕೆ ಇಲಾಖೆಯ ಹೆಂಗಸು ಒಳ್ಳೆಯವಳು, ಮುಖ ಸಣ್ಣದು ಮಾಡಿಕೊಂಡು ಹೇಳಿದ್ದಳು: ಶುಕ್ರವಾರ ಇನ್ನೊಂದು ಸಲ ಬಿಡ್ತೀನಿ, ಆಗಲೂ ಆಗದಿದ್ದರೆ ಈ ಬೇಸಿಗೆಗೆ ಹೊಳೆಗೆ ಬೇರೆಯವರನ್ನ ಕಳಿಸಬೇಕಾಗುತ್ತೆ.

ಹೊಳೆ ಅಂದರೆ ಹೆಮ್‌ಲಾಕ್ ಹೊಳೆ, ಊರಿಂದ ದೋಣಿಯಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ಪ್ರತಿ ಜೂನಿನಲ್ಲಿ ನೀರಿಗೆ ಅಡ್ಡಲಾಗಿ ಬೇಲಿ ಹಾಕಿ, ನಡುವೆ ಒಂದೇ ಒಂದು ಕಿಂಡಿ ಬಿಡುತ್ತಾರೆ. ಕಡಲಿಂದ ಹತ್ತಿ ಬರುವ ಸಾಲ್ಮನ್ ಮೀನೆಲ್ಲ ಆ ಕಿಂಡಿಯಲ್ಲೇ ನುಸುಳಬೇಕು. ಮೇಲಿನ ಹಲಗೆಯ ಮೇಲೆ ಕೂತು ಒಂದೊಂದನ್ನೂ ಎಣಿಸುವ ಕೆಲಸ ವರ್ನಾಳದು. ಹತ್ತೊಂಬತ್ತು ಬೇಸಿಗೆ ಅವಳು ಮೀನು ಎಣಿಸಿದಳು, ಅವಳ ಗಂಡ ಆರ್ವಿಡ್ ಎದೆಯ ಪಟ್ಟಿಯಲ್ಲಿ ನಲವತ್ತನಾಲ್ಕರ ಅಳತೆಯ ಗುಂಡು ಹಾಕುವ ದೊಡ್ಡ ರಿವಾಲ್ವರ್ ಸಿಕ್ಕಿಸಿಕೊಂಡು ಹಿಂದೆ ನಿಂತ. ಮೀನಿದ್ದ ಕಡೆ ಕರಡಿ ಬಾರದೆ ಇರುತ್ತದೆಯೇ? ಬರುತ್ತಿದ್ದವು. ಆರ್ವಿಡ್ ಗದರಿಸುತ್ತಿದ್ದ, ಹೋಗುತ್ತಿದ್ದವು. ಈ ವರ್ಷ ಮಾರ್ಚಿನಲ್ಲಿ ಆರ್ವಿಡ್ ತೀರಿಕೊಂಡ. ಈಗ ಗನ್ನು ವರ್ನಾಳ ಎದೆಯ ಮೇಲೇ ಇರಬೇಕು ಅಂತ ಇಲಾಖೆ ಹೇಳಿದ್ದು ನ್ಯಾಯವೇ.

ಮನೆಯಲ್ಲಿ ಅವನ ಕುರ್ಚಿ ಇತ್ತು, ಗುಡ್ಡದ ಮೇಲೆ ಅವನ ಹೆಸರು ಕೆತ್ತಿದ ಕಲ್ಲಿತ್ತು. ಎರಡರ ಹತ್ತಿರವೂ ವರ್ನಾಳಿಗೆ ಅವನು ಸಿಕ್ಕಿರಲಿಲ್ಲ. ಹೊಳೆಯಲ್ಲಿ ಸಿಗುತ್ತಾನೆ ಅಂತ ನಂಬಿಕೊಂಡೇ ಅವಳು ಆ ಎರಡೂವರೆ ತಿಂಗಳು ತಳ್ಳಿದ್ದು. ಶುಕ್ರವಾರ ಗುರಿ ತಪ್ಪಿದರೆ ಅದೂ ಹೋಯಿತು.

ಅಂಗಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಗಸ್ ಹೌಗನ್ ಆಗಲೇ ಕಾಫಿ ಹೀರುತ್ತಿದ್ದ. ನಲವತ್ತು ವರ್ಷ ಹಾಲಿಬಟ್ ಮೀನು ಹಿಡಿದವನು, ಆರ್ವಿಡ್‌ನ ಗೆಳೆಯ, ದನಿ ಮಾತ್ರ ದೋಣಿಯ ಇಂಜಿನ್ನಿಗೆ ಸಮ.

"ಗನ್ನಿಂದಲ್ಲ ತಪ್ಪು, ಗುಂಡಿಂದು," ಅಂದ ಗಸ್. "ಪೂರ್ತಿ ಮದ್ದಿಂದು ಹಾಕಿದ್ಯಾ?"

"ನೀನೇ ಕೊಟ್ಟ ಡಬ್ಬಿ ಗಸ್. ಕೈ ಕಿತ್ತು ಬಂತು."

"ಕಿತ್ತು ಬರ್ಬೇಕು. ನಿನ್ನ ಕೈಗೇ ನೋವಾಗ್ಲಿಲ್ಲ ಅಂದ್ರೆ ಕರಡಿಗೇನಾಗುತ್ತೆ, ಕಚಗುಳಿನಾ? ಆರ್ವಿಡ್ ಇದೇ ಮೇಜಲ್ಲಿ ಎಷ್ಟು ಸಲ ಹೇಳಿಲ್ಲ? ಸಣ್ಣ ಗುಂಡೆಲ್ಲ ಅಜ್ಜಿಯಂದಿರಿಗೆ ಅಂತ."

"ನಾನೂ ಅಜ್ಜಿನೇ ಕಣೋ," ಅಂದಳು ವರ್ನಾ.

ಗಲ್ಲಾದ ಹಿಂದಿನಿಂದ ಅಂಗಡಿಯ ಮೇವಿಸ್ ಮೂಗು ತೂರಿಸಿದಳು. "ಗನ್ನೂ ಬೇಡ ಗಿನ್ನೂ ಬೇಡ. ಖಾರದ ಪುಡಿ ಡಬ್ಬಿ ತಗೊಂಡು ಹೋಗು, ಮುಖಕ್ಕೆ ಪುಸ್ ಅನ್ಸಿದ್ರೆ ಆಯ್ತು."

"ಎದುರುಗಾಳಿಗೆ ಹೊಡೆದು ತನ್ನ ಕಣ್ಣಿಗೇ ಹಾಕ್ಕೋತಾಳೆ," ಅಂದ ಗಸ್. "ಕರಡಿಗೆ ಮಸಾಲೆ ಹಚ್ಚಿದ ಊಟ."

"ಉದ್ದ ಬಂದೂಕು ಒಯ್ಯಬಹುದಲ್ವಾ?"

"ಬೇಲಿ ಸರಿಮಾಡೋಕೆ ಎರಡೂ ಕೈ ಬೇಕು ಮೇವಿಸ್," ಅಂದಳು ವರ್ನಾ. "ಬಂದೂಕು ಮರಕ್ಕೆ ಒರಗಿಸಿರ್ತೀನಿ, ಕರಡಿ ನನಗೂ ಮರಕ್ಕೂ ನಡುವೆ ಬಂದು ನಿಂತಿರುತ್ತೆ. ಮೈಮೇಲೆ ಇರೋದೇ ಬೇಕು."

ಹೀಗೆ ಒಂದು ಗಂಟೆ ನಡೆಯಿತು. ಬಂದವರೆಲ್ಲ ಒಂದೊಂದು ಅಭಿಪ್ರಾಯ ಇಟ್ಟು ಹೋದರು. ಒಬ್ಬನಂತೂ ಇದಕ್ಕಿಂತ ದೊಡ್ಡ ರಿವಾಲ್ವರ್ ತನ್ನ ಹತ್ತಿರ ಇದೆ, ಬೇಕಾದರೆ ಒಯ್ಯಿ ಅಂದ. ವರ್ನಾಳ ತಲೆ ಚಿಟ್ಟು ಹಿಡಿದರೂ ಹೊಟ್ಟೆಯೊಳಗೆ ತಂಪಾಗಿತ್ತು. ಗಂಡ ಸತ್ತ ಮನೆಗೆ ಏನು ಹೇಳಬೇಕೋ ಗೊತ್ತಾಗದ ಜನ ಇವರು. ಕರಡಿಯ ವಿಷಯ ಸಿಕ್ಕಿತಲ್ಲ, ಅದರಲ್ಲೇ ತಮ್ಮ ಅಕ್ಕರೆಯನ್ನೆಲ್ಲ ಸುರಿಯುತ್ತಿದ್ದಾರೆ ಅಂತ ಅವಳಿಗೆ ಅರ್ಥವಾಗಿತ್ತು.

ಅಂಗಡಿಯಿಂದ ಹೊರಡುವಾಗ ಅವಳಿಗೆ ಆರ್ವಿಡ್ ಹೇಳಿದ್ದೊಂದು ಮಾತು ನೆನಪಾಯಿತು. ಫೆಬ್ರವರಿಯ ಕೊನೆಯಲ್ಲಿ, ಹಾಸಿಗೆಯಿಂದ ಏಳಲಾಗದೆ ಮಲಗಿದ್ದಾಗ, ಎರಡು ಸಲ ಹೇಳಿದ್ದ: "ಹೊಳೆಗೆ ಹೋಗೋ ಮುಂಚೆ ಗನ್ನು ಎಲ್ಮರ್‌ಗೆ ತೋರಿಸು. ಮರೀಬೇಡ." ಎಣ್ಣೆ ಹಾಕಿಸೋಕೆ ಹೇಳುತ್ತಿದ್ದಾನೆ ಅಂದುಕೊಂಡಿದ್ದಳು. ಎಣ್ಣೆ ತಾನೇ ಹಾಕಿದ್ದಳು. ಆದರೂ ಹೇಳಿದ್ದನಲ್ಲ, ತೋರಿಸೋಣ ಅಂತ ಬುಧವಾರ ಬೆಳಿಗ್ಗೆ ಹೊರಟಳು.

ಎಲ್ಮರ್ ಸೇದರ್ ಈ ಊರಿನ ಗನ್ನು ರಿಪೇರಿಯವನು, ಎಂಬತ್ತು ದಾಟಿದ ಮುದುಕ. ಊರೆಲ್ಲ ಅಭಿಪ್ರಾಯ ಹೇಳುತ್ತಿದ್ದರೆ ಬಾಯಿ ಮುಚ್ಚಿಕೊಂಡಿರುವವನು ಅವನೊಬ್ಬನೇ. ಅವನು ವರ್ನಾಳನ್ನು ಮನೆಯ ಹಿಂದಿನ ಜಲ್ಲಿ ಗುಂಡಿಗೆ ಕರೆದುಕೊಂಡು ಹೋದ. ಗುಂಡುಗಳನ್ನು ಇಸಕೊಂಡು, ಅವಳಿಗೆ ಬೆನ್ನು ತಿರುಗಿಸಿ ರಿವಾಲ್ವರ್ ತುಂಬಿ ಕೈಗೆ ಕೊಟ್ಟ.

"ಹೊಡಿ."

ಅವಳು ಗುರಿ ಹಿಡಿದು ಗನ್ನಿನ ಕುದುರೆ ಎಳೆದಳು. ಢಮಾರ್ ಅಂತು, ಮಣಿಕಟ್ಟು ಉರಿಯಿತು, ಎದುರಿನ ಹಲಗೆ ಇದ್ದ ಹಾಗೇ ಇತ್ತು. ಮತ್ತೆ ಎಳೆದಳು. ಈ ಸಲ ಬರೀ ಟಿಕ್ ಅಂತು, ಗುಂಡು ಹಾರಲೇ ಇಲ್ಲ. ಆದರೆ ನಳಿಗೆ ಮಾತ್ರ ಒಂದು ಗೇಣು ಕೆಳಗೆ ಕುಸಿದಿತ್ತು.

"ನೋಡಿದ್ಯಾ?" ಅಂದ ಎಲ್ಮರ್. "ನಡುನಡುವೆ ಖಾಲಿ ಕಾಡತೂಸು ಹಾಕಿದ್ದೆ. ಗುಂಡೇ ಇಲ್ಲ, ಆದ್ರೂ ಕೈ ಹೆದರ್ಕೊಂಡು ಮೊದಲೇ ಕೆಳಗೋಯ್ತು. ನಿನ್ನ ಕಣ್ಣಲ್ಲಿ ತಪ್ಪಿಲ್ಲ ವರ್ನಾ. ಪೆಟ್ಟು ತಿಂದ ಕೈ, ಪಾಪ, ಇನ್ನೇನು ಮಾಡುತ್ತೆ?"

"ಆರ್ವಿಡ್‌ಗೆ ಹೀಗಾಗ್ತಿರ್ಲಿಲ್ಲ," ಅಂದಳು. "ಅವನ ಗನ್ನು ಹಿಡಿಯೋ ಯೋಗ್ಯತೆ ನನಗಿಲ್ಲ ಅನ್ಸುತ್ತೆ ಎಲ್ಮರ್."

ಎಲ್ಮರ್ ಗನ್ನನ್ನು ಅವಳ ಕೈಯಿಂದ ಇಸಕೊಂಡ. ಗುಂಡು ಕೂರುವ ಚಕ್ರವನ್ನು ಹೊರಕ್ಕೆ ತೆಗೆದು ಖಾಲಿ ಮಾಡಿ, ಜೇಬಿನ ಪುಟ್ಟ ಟಾರ್ಚನ್ನು ಹಿಂದಿನಿಂದ ಹಿಡಿದು ಒಂದೊಂದೇ ತೂತಿನೊಳಗೆ ಕಣ್ಣಿಟ್ಟ. ಆರನೆಯದನ್ನು ನೋಡಿ ಮುಗಿಸಿದವನೇ ನಕ್ಕ.

"ಬಾ ಇಲ್ಲಿ. ಒಳಗೇನು ಕಾಣುತ್ತೆ ಹೇಳು."

ವರ್ನಾ ಕಣ್ಣು ಕಿರಿದು ಮಾಡಿ ನೋಡಿದಳು. ನುಣ್ಣನೆಯ ಉಕ್ಕಿನ ಗೋಡೆಗೆ, ಸ್ವಲ್ಪ ಮುಂದಕ್ಕೆ, ಕಪ್ಪನೆಯ ಮಸಿ ಬಳೆಯ ಹಾಗೆ ಕಟ್ಟಿತ್ತು. ಆರೂ ತೂತಿನಲ್ಲಿ ಅದೇ ಜಾಗದಲ್ಲಿ.

"ಗಸ್ ಕೊಟ್ಟ ಉದ್ದದ ಗುಂಡು ಹೊಡೆದ್ರೆ ಮಸಿ ಅಲ್ಲಿ ಕೂರಲ್ಲ," ಅಂದ ಎಲ್ಮರ್. "ಇದೇ ಅಗಲದ್ದು, ಆದ್ರೆ ಗಿಡ್ಡ, ಒಳಗೆ ಮದ್ದೂ ಕಮ್ಮಿ, ಅಂಥ ಗುಂಡು ಬರುತ್ತೆ. ಅದನ್ನ ವರ್ಷಗಟ್ಟಲೆ ಹೊಡೆದ್ರೆ ಹೀಗೆ ಬಳೆ ಕಟ್ಟುತ್ತೆ. ಇದು ಒಂದೆರಡು ವರ್ಷದ ಮಸಿಯಲ್ಲ. ನಿನ್ನ ಗಂಡ ಜನ್ಮದಲ್ಲಿ ದೊಡ್ಡ ಗುಂಡು ಹೊಡೆದಿದ್ನೋ ಇಲ್ವೋ."

ವರ್ನಾ ಅವನ ಮುಖವನ್ನೇ ನೋಡಿದಳು. "ಮೇಜಲ್ಲಿ ಅಷ್ಟೆಲ್ಲ ಮಾತಾಡ್ತಿದ್ನಲ್ಲ. ಅಜ್ಜಿಯಂದಿರ ಗುಂಡು ಅಂತ."

"ಮೇಜಲ್ಲಿ ಮಾತಾಡೋದೇ ಬೇರೆ."

"ನಿಂಗೆ ಮೊದಲೇ ಗೊತ್ತಿತ್ತಾ?"

"ಅವನು ಈ ಗನ್ನನ್ನ ಒಂದು ಸಲಾನೂ ನನ್ನ ಕೈಗೆ ಕೊಟ್ಟಿಲ್ಲ. ನಾನು ಕ್ಲೀನ್ ಮಾಡ್ತೀನಿ ಅಂದ್ರೂ ಬೇಡ ಅಂತಿದ್ದ. ಕೊಟ್ರೆ ನಾನು ನೋಡ್ತೀನಿ ಅಂತ ಗೊತ್ತು ಅವನಿಗೆ."

ಆಗ ವರ್ನಾಳಿಗೆ ಥಟ್ಟನೆ ಹೊಳೆಯಿತು. ಎಲ್ಮರ್‌ಗೆ ತೋರಿಸು, ಮರೀಬೇಡ. ಇಪ್ಪತ್ತು ವರ್ಷ ಬಚ್ಚಿಟ್ಟಿದ್ದನ್ನು ಬಾಯಿಬಿಟ್ಟು ಹೇಳಲು ಆ ಜಂಬದ ಮನುಷ್ಯನಿಗೆ ನಾಲಿಗೆ ಏಳಲಿಲ್ಲ. ಹೇಳದೆ ಬಿಟ್ಟರೆ ಹೆಂಡತಿ ಕೈ ಮುರಿದುಕೊಳ್ಳುತ್ತಾಳೆ ಅಂತಲೂ ಗೊತ್ತಿತ್ತು. ಅದಕ್ಕೇ ಊರಿನಲ್ಲಿ ಇದನ್ನು ಓದಬಲ್ಲ ಒಬ್ಬನೇ ಒಬ್ಬನ ಹತ್ತಿರ ಅವಳನ್ನು ಕಳಿಸಿದ್ದ.

ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಹಿತ್ತಲ ಶೆಡ್ಡಿಗೆ ನುಗ್ಗಿದಳು. ಆರ್ವಿಡ್ ಖಾಲಿ ಕಾಡತೂಸಿಗೆ ಮದ್ದು ತುಂಬಿ ತನ್ನ ಗುಂಡು ತಾನೇ ಮಾಡಿಕೊಳ್ಳುವವನು. ಬೆಂಚಿನ ಕೆಳಗೆ, ಬಣ್ಣದ ಡಬ್ಬಿಗಳ ಹಿಂದೆ, ಹಳೆಯ ಕಾಫಿ ಡಬ್ಬಿ ಸಿಕ್ಕಿತು. ಅದರ ತುಂಬ ಗಿಡ್ಡನೆಯ ಗುಂಡುಗಳು. ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಮದ್ದು ತುಂಬಿದ ತಾರೀಕು ಬರೆದಿತ್ತು. ಆ ಕೈಬರಹ ಅಡ್ಡಾದಿಡ್ಡಿ ನಡುಗಿತ್ತು. ಫೆಬ್ರವರಿ ಒಂಬತ್ತು.

ಫೆಬ್ರವರಿ ಒಂಬತ್ತಕ್ಕೆ ಆರ್ವಿಡ್‌ಗೆ ತನ್ನ ಬೂಟಿನ ದಾರ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮುಂದಿನ ಬೇಸಿಗೆ ತನಗಿಲ್ಲ ಅಂತ ಡಾಕ್ಟರು ಹೇಳಿ ಎರಡು ವಾರವಾಗಿತ್ತು. ಶೆಡ್ಡಲ್ಲಿ ಸ್ವಲ್ಪ ಕೂತು ಬರ್ತೀನಿ ಅಂತ ದಿನಾ ಗೋಡೆ ಹಿಡಿದುಕೊಂಡು ಹೋಗುತ್ತಿದ್ದ. ಅವಳು ಬೈಯುತ್ತಿದ್ದಳು, ಚಳಿಯಲ್ಲಿ ಏನು ಹುಡುಕ್ತೀಯ ಅಲ್ಲಿ ಅಂತ. ವರ್ನಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವನ ಸ್ಟೂಲಿನ ಮೇಲೆ ಕೂತು ಮನಸಾರೆ ಅತ್ತಳು. ಮಾರ್ಚಿನಿಂದ ಬಾರದಿದ್ದ ಅಳು ಆವತ್ತು ಬಂತು.

ಶುಕ್ರವಾರ ಜಲ್ಲಿ ಗುಂಡಿಯಲ್ಲಿ ಕಾಫಿ ಮೇಜಿನ ಅರ್ಧ ಜನ ಫ್ಲಾಸ್ಕು ಹಿಡಿದು ನಿಂತಿದ್ದರು. ವರ್ನಾ ಆರು ಗುಂಡು ಹೊಡೆದಳು. ರಿವಾಲ್ವರ್ ಅವಳ ಕೈಯನ್ನು ತಳ್ಳಿತೇ ಹೊರತು ಒದೆಯಲಿಲ್ಲ. ಐದು ತಗುಲಿದವು. ಇಲಾಖೆಯ ಹೆಂಗಸು ಅಲ್ಲೇ ಕಾಗದಕ್ಕೆ ಸಹಿ ಹಾಕಿ, ಕೈ ಕುಲುಕಿದಳು.

"ನಾನು ಹೇಳ್ಲಿಲ್ವಾ!" ಗಸ್ ಎಲ್ಲರ ಕಡೆ ತಿರುಗಿ ಎದೆ ಉಬ್ಬಿಸಿದ. "ಪೂರ್ತಿ ಮದ್ದಿಂದು! ಆರ್ವಿಡ್ ಹೇಳ್ತಿದ್ದ ಹಾಗೇ."

ವರ್ನಾ ಎಲ್ಮರ್ ಕಡೆ ನೋಡಿದಳು. ಎಲ್ಮರ್ ಆಕಾಶ ನೋಡುತ್ತಿದ್ದ.

"ಹೂಂ ಗಸ್," ಅಂದಳು. "ಆರ್ವಿಡ್ ಹೇಳಿದ ಹಾಗೇ ಮಾಡಿದೆ."

ಎಲ್ಲ ಹೊರಟರು. ವರ್ನಾ ಗಾಡಿ ಹತ್ತುವಾಗ ಗಸ್ ಒಬ್ಬನೇ ಹಿಂದೆ ಬಂದ. ನಮ್ಮ ಕಡೆ ಖಾಲಿ ಕಾಡತೂಸು ನೆಲದಲ್ಲಿ ಬಿಟ್ಟು ಹೋಗುವ ಪದ್ಧತಿಯಿಲ್ಲ, ಯಾರದ್ದಾದರೂ ಸರಿ ಹೆಕ್ಕುತ್ತಾರೆ. ಅವನ ಅಂಗೈಯಲ್ಲಿ ಆರೂ ಇದ್ದವು, ಗಿಡ್ಡನೆಯವು. ನಲವತ್ತು ವರ್ಷದ ಗನ್ನಿನ ಸಹವಾಸದವನಿಗೆ ನೋಡಿದರೆ ಗೊತ್ತಾಗುವುದಿಲ್ಲವೇ? ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಅಂಗೈ ನೋಡಿದ.

"ಅವನೂನಾ?" ಅಂದ. ಅವನ ದನಿ ಅಷ್ಟು ಸಣ್ಣಗೆ ಇಳಿದದ್ದನ್ನು ವರ್ನಾ ಅದೇ ಮೊದಲು ಕೇಳಿದ್ದು.

"ಮೊದಲಿಂದಲೂ."

ಗಸ್ ಮಣಿಕಟ್ಟು ತಿಕ್ಕಿಕೊಂಡ. "ಹತ್ತು ವರ್ಷ ಆಯ್ತು ಕಣೆ ನನ್ನ ಕೈ ಹೋಗಿ. ಒಂದು ಗುಂಡು ಹೊಡೆದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅವನು ನಗ್ತಾನೆ ಅಂತ ಬಾಯಿಬಿಡ್ಲಿಲ್ಲ." ಆಮೇಲೆ ನೆಲ ನೋಡುತ್ತ ಕೇಳಿದ, "ಇಂಥವು ಇನ್ನೂ ಇದಾವಾ?"

ವರ್ನಾ ಆರು ಗುಂಡು ತೆಗೆದು ಅವನ ಕೈಗೆ ಹಾಕಿದಳು. ಗಸ್ ಅವನ್ನು ಕೋಟಿನ ಒಳಜೇಬಿಗೆ ಇಳಿಸಿದ.

ಜೂನ್ ಎರಡನೇ ವಾರ ಅವಳು ಹೆಮ್‌ಲಾಕ್ ಹೊಳೆಯ ಹಲಗೆಯ ಮೇಲೆ ಕೂತಿದ್ದಳು, ಎದೆಯ ಮೇಲೆ ರಿವಾಲ್ವರ್, ಬೆನ್ನ ಹಿಂದೆ ಯಾರೂ ಇಲ್ಲ. ಮೊದಲ ಕರಡಿ ಆಚೆ ದಡದಲ್ಲಿ ಕಾಣಿಸಿಕೊಂಡಾಗ ಅವಳು ಎದ್ದು ನಿಂತು ಆರ್ವಿಡ್‌ನ ಹಾಗೇ ಗದರಿದಳು. ಕೈ ರಿವಾಲ್ವರಿನ ಮೇಲಿತ್ತು. ಕರಡಿ ಮೂಗೆತ್ತಿ ನೋಡಿ ಪೊದೆಯೊಳಗೆ ಹೋಯಿತು. ಆರ್ವಿಡ್, ನೀನು ಬದುಕಿರೋವಾಗ ಈ ಗುಂಡಿನ ಗುಟ್ಟು ಹೇಳಿದ್ದಿದ್ರೆ ನಾನು ನಗ್ತಿರ್ಲಿಲ್ಲ ಕಣೋ, ಆದ್ರೂ ಎಲ್ಮರ್ ಹತ್ರ ಕಳಿಸಿದ್ಯಲ್ಲ, ಅಷ್ಟು ಸಾಕು ಅಂತ ಅವಳು ಗಟ್ಟಿಯಾಗಿಯೇ ಹೇಳಿದಳು. ಆಮೇಲೆ ಕೂತು, ಕಿಂಡಿಯಲ್ಲಿ ನುಸುಳುತ್ತಿದ್ದ ಮೀನನ್ನು ಎಣಿಕೆಗೆ ತಗೊಂಡಳು.