ಇದ್ದತ್ ಮುಗಿಯುವ ಮುಂಚೆ

ಮಾಬುನ್ನಿಗೆ ಸಿಟ್ಟು ನೆತ್ತಿಗೇರಿತ್ತು. ಅತ್ತೆ ಇಮಾಂಬಿ ಅವಳನ್ನು ಒಂದು ಮಾತೂ ಕೇಳದೆ ಮಸೀದಿಯ ಹಜರತರನ್ನು ಮನೆಗೆ ಕರೆಸಿದ್ದಳು, ಸೊಸೆಗೆ ಬುದ್ಧಿ ಹೇಳಿಸಲು. ಪಡಸಾಲೆಯಲ್ಲಿ ಅವರು, ಪರದೆಯ ಹಿಂದೆ ಇವಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಹೊಸಿಲು ದಾಟದೆ ಇದ್ದತ್ ಕೂರಬೇಕು. ಅದರಲ್ಲಿ ಅರ್ಧ ಕಳೆದೇ ಹೋಗಿತ್ತು.

ಗಂಡ ದಸ್ತಗಿರಿ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ. ವರ್ಷಗಟ್ಟಲೆ ಮಕ್ಕಳಾಗದೆ, ಕಡೆಗೆ ಇಬ್ಬರೂ ಬಳ್ಳಾರಿಯ ಆಸ್ಪತ್ರೆಗೆ ಹೋದರು. ಇದೇ ಹಜರತರನ್ನು ಕೇಳಿಯೇ ಹೋದದ್ದು. ಬೀಜವೂ ಒಡಲೂ ನಿಮ್ಮಿಬ್ಬರದೇ ಆಗಿರಲಿ, ಮೂರನೆಯವರದು ಬೇಡ, ನಿಕಾ ಇರುವಾಗಲೇ ಆಗಲಿ ಎಂದು ಅವರೂ ಒಪ್ಪಿದ್ದರು. ಭ್ರೂಣ ಕಟ್ಟಿತು, ಆಸ್ಪತ್ರೆಯವರು ಅದನ್ನು ಶೀತದಲ್ಲಿ ಕಾಪಿಟ್ಟರು. ಅವಳ ಒಡಲಿಗೆ ಇಡುವುದೊಂದೇ ಬಾಕಿ. ಅಷ್ಟರಲ್ಲಿ ರಂಜಾನ್ ಬಂತು. ರೋಜಾದ ಉಪವಾಸ ತಪ್ಪಿಸುವುದು ಬೇಡ, ಹಬ್ಬ ಆಗಲಿ ಎಂದ ದಸ್ತಗಿರಿ. ಹಬ್ಬಕ್ಕೆ ಮೊದಲೇ ಲಾರಿ ಬಡಿದು ಸತ್ತ. ಮಾಬುನ್ನಿ ಅವನಿಗಾಗಿ ಅತ್ತದ್ದಕ್ಕಿಂತ ಅವನನ್ನು ಬೈದದ್ದೇ ಹೆಚ್ಚು. ತಡ ಮಾಡುವುದು ಬೇಡ ಅಂದರೂ ಕೇಳದ ಮನುಷ್ಯ.

ಇದ್ದತ್ ಮುಗಿಯುವ ಮುಂಚೆಯೇ ಆ ಭ್ರೂಣವನ್ನು ಒಡಲಿಗೆ ಇಡಿಸಿಕೊಳ್ಳುತ್ತೇನೆಂದು ಈಗ ಅವಳು ಹಟ ಹಿಡಿದಿದ್ದಳು. ಆಸ್ಪತ್ರೆಯವರಿಗೆ ಅಡ್ಡಿಯಿರಲಿಲ್ಲ. ತನಗೇನಾದರೂ ಆದರೂ ಭ್ರೂಣ ಹೆಂಡತಿಗೇ ಸೇರಲಿ ಎಂದು ದಸ್ತಗಿರಿ ಮೊದಲೇ ಸಹಿ ಹಾಕಿಕೊಟ್ಟಿದ್ದ.

"ಸರ್ಕಾರ ಹೂಂ ಅಂದ್ರೂ ಶರೀಯತ್ ಹೂಂ ಅನ್ನಂಗಿಲ್ಲವ್ವ," ಎಂದರು ಹಜರತರು. "ಗಂಡ ಸತ್ತ ಗಳಿಗಿಗೆ ನಿಕಾ ಮುಗೀತು. ಧರ್ಮ ಓದಿದ ದೊಡ್ಡ ದೊಡ್ಡ ಉಲಮಾಗಳು ಡಾಕ್ಟರ್ ಜೊತಿ ಕುಂತು ಹೇಳಿದ ಮಾತಿದು. ಇದ್ದತ್ ಒಳಗಾದ್ರ ಆಗಬಹುದು ಅನ್ನೋರು ಎಲ್ಲೋ ಒಬ್ಬಿಬ್ಬರು ಅದಾರ. ನಾ ಅವರ ಕಡೆ ಅಲ್ಲ. ಹುಟ್ಟೋ ಕೂಸಿನ ವಂಶದ ಪ್ರಶ್ನೆ ಐತಿ."

ನಿಕಾ ಮುಗಿಯಿತಂತೆ. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಮಾಬುನ್ನಿಯ ಮೈ ಉರಿದುಹೋಯಿತು.

"ಮುಗಿದಿದ್ರ ಅವರ ಮೈಗೆ ನೀರು ಹಾಕಾಕ ನನ್ನ ಯಾಕ ಬಿಟ್ರಿ? ಹೆಂಡ್ತಿ ಗಂಡನ ಮಯ್ಯತ್ ತೊಳಿಬಹುದು, ಇದ್ದತ್ ಇರೋ ತನಕ ನಿಕಾದ ಹಕ್ಕು ಇರ್ತೈತಿ ಅಂತ ನೀವ ಹೇಳಿದ್ರಿ. ಗಾಲಿ ಹತ್ತಿದ ಮೈ ಅದು, ಹಜರತ್. ಗಂಡಸ್ರೆಲ್ಲ ಹಿಂದಕ್ಕ ಸರದ್ರು. ನಾ ತೊಳದೀನಿ. ತೊಳಿಯಾಕ ನಾ ಹೆಂಡ್ತಿ, ಹೆರಾಕ ಯಾರೋ ಹೆಂಗಸು ಏನ್ರಿ?"

"ಅದರ ಹುಕುಂ ಬ್ಯಾರೆ, ಇದರದು ಬ್ಯಾರೆ." ಹಜರತರ ದನಿ ತಗ್ಗಿತ್ತು. "ನೀ ಕೇಳೋದು ಸುಳ್ಳಲ್ಲವ್ವ. ಆದ್ರೂ ನಾ ಹೂಂ ಅನ್ನಲಾರೆ. ಅಲ್ಲಾಹನ ಮುಂದ ಜವಾಬು ಕೊಡಬೇಕಾದೋನು ನಾನು."

"ನಾನೂ ಕೊಡಬೇಕ್ರಿ. ನಿಮ್ಮ ಹೂಂ ನನಗ ಬ್ಯಾಡ. ನಾಳೆ ಬಳ್ಳಾರಿಗೆ ಹೊಂಟೀನಿ. ಒಂದ ಮಾತು ಹೇಳ್ರಿ. ಕೂಸು ಹುಟ್ಟಿದ್ರ, ಊರಾಗಿನ ಎಲ್ಲಾ ಕೂಸಿಗೂ ಹೇಳಿದಂಗ ಅದರ ಕಿವಿಯಾಗ ಅಜಾನ್ ಹೇಳಾಕ ಬರ್ತೀರೋ ಇಲ್ಲೋ?"

ಹಜರತರು ಎದ್ದು ನಿಂತು ಇಮಾಂಬಿಯ ಕಡೆ ನೋಡಿದರು. ಕರೆಸಿದವಳು ಅವಳೇ, ಇನ್ನು ಅವಳೇ ಹೇಳಲಿ ಎಂಬಂತಿತ್ತು ಆ ನೋಟ.

ಇಮಾಂಬಿ ಗೋಡೆಗೆ ಒರಗಿ ಕೂತಿದ್ದಳು. ಅಂದು ಸೊಸೆ ಮಗನ ಮೈ ತೊಳೆಯುವಾಗ ಪಕ್ಕದಲ್ಲಿ ನಿಂತು ನೀರು ತುಂಬಿಕೊಟ್ಟವಳು ಅವಳೇ.

"ನೀವು ಬರದಿದ್ರ ಬಿಡ್ರಿ," ಎಂದಳು. "ನನ್ನ ಮಗನ ಕೂಸಿನ ಕಿವಿಯಾಗ ನಾನ ಹೇಳ್ತೀನಿ."